‘ನವೀಕರಿಸುತ್ತದೆ’ ಎಂಬ ಒಂದು ಪದದೊಳಗೆ ಏನೆಲ್ಲ ಇದೆ?

ಪ್ರಶ್ನೆ: ನಮ್ಮದು ಹುಬ್ಬಳ್ಳಿಯಲ್ಲಿರುವ ಹನ್ನೊಂದು ಜನರ ತಂತ್ರಾಂಶ ಕಂಪನಿ. ಕೆಲಸಗಳ ಲೆಕ್ಕ ಇಡುವ ಟ್ರೆಲ್ಲೊ ಎಂಬ ಜಾಲತಾಣದ ಬೋರ್ಡಿನಲ್ಲಿ ಪ್ರತಿ ಕೆಲಸಕ್ಕೂ ಒಂದು ಕಾರ್ಡ್ ಇರುತ್ತದೆ. ಕೆಲಸ ಎಲ್ಲಿಗೆ ಬಂತು ಎಂದು ಕಾರ್ಡಿನಲ್ಲಿ ಬರೆಯಲು ಎಲ್ಲರೂ ಮರೆಯುತ್ತಿದ್ದರು. ಅದಕ್ಕೆ ನಾನು ಪೈಥಾನ್‌ನಲ್ಲಿ ಒಂದು ಸಣ್ಣ ತಂತ್ರಾಂಶ ಬರೆದೆ. ಅದು ಪ್ರತಿದಿನ ಸಂಜೆ 6ಕ್ಕೆ ಕೋಡ್ ಬದಲಾವಣೆಗಳ ದಾಖಲೆಗಳಾದ ಆ ದಿನದ ಗಿಟ್ ಕಮಿಟ್‌ಗಳನ್ನು ಓದಿ, ಸಂಬಂಧಪಟ್ಟ ಕಾರ್ಡಿನ ಚೆಕ್‌ಲಿಸ್ಟಿನಲ್ಲಿ ಮುಗಿದ ಅಂಶಗಳಿಗೆ ಟಿಕ್ ಹಾಕಿ, ‘ಶೇ 60 ಮುಗಿದಿದೆ’ ಎಂಬಂಥ ಪ್ರಗತಿ ವರದಿ ಬರೆಯುತ್ತದೆ. ಇನ್ನೆರಡು ವಾರಗಳಲ್ಲಿ ನಾನು ಬೇರೆ ತಂಡಕ್ಕೆ ಹೋಗುತ್ತಿದ್ದೇನೆ. ಕೈಪಿಡಿ ಬರೆದುಕೊಡಲು ಹೇಳಿದ್ದಾರೆ. ನಾಲ್ಕು ಪುಟ ಬರೆದೆ. ಮುಂದೆ ಇದನ್ನು ನೋಡಿಕೊಳ್ಳಬೇಕಾದ ಸಹೋದ್ಯೋಗಿ ಓದಿ ‘ಏನೂ ತಿಳಿಯಲಿಲ್ಲ’ ಎಂದರು. ಎಲ್ಲಿಂದ ಶುರು ಮಾಡಬೇಕು? ಕನ್ನಡದಲ್ಲಿ ಬರೆಯಲೇ, ಇಂಗ್ಲಿಷ್‌ನಲ್ಲೇ? ನನ್ನ ನಾಲ್ಕು ಪುಟಗಳನ್ನೂ ಜೊತೆಗಿಟ್ಟಿದ್ದೇನೆ.

ಉತ್ತರ: ನಿಮ್ಮ ನಾಲ್ಕು ಪುಟಗಳನ್ನು ಎರಡು ಸಲ ಓದಿದೆ. ಮೊದಲ ಒಂದೂವರೆ ಪುಟ ಪೈಥಾನ್ ಅನುಸ್ಥಾಪನೆಗೆ ಹೋಗಿದೆ. ಆಮೇಲಿನ ಎರಡು ಪುಟ ಒಂದೊಂದು ಫಂಕ್ಷನ್ ಏನು ಮಾಡುತ್ತದೆ ಎಂಬ ವಿವರ. ಈ ವಿವರಗಳ ನಡುವೆ, ಮೂರನೆಯ ಪುಟದಲ್ಲಿ, ಒಂದೇ ಒಂದು ಸಾಲು ಹೀಗಿದೆ: ‘ಕಾರ್ಡಿನ ಪ್ರಗತಿ ವರದಿಯನ್ನು ನವೀಕರಿಸುತ್ತದೆ.’ ನಿಮ್ಮ ಸಹೋದ್ಯೋಗಿಗೆ ತಿಳಿಯಬೇಕಾದದ್ದೆಲ್ಲ ಈ ಸಾಲಿನೊಳಗೇ ಅಡಗಿದೆ, ಆದರೆ ಅದನ್ನು ನೀವು ಬಿಚ್ಚಿಲ್ಲ. ಪೈಥಾನ್ ಹಾಕಿಕೊಳ್ಳುವುದನ್ನು ಯಾರಾದರೂ ಎಲ್ಲಿಂದಲಾದರೂ ಕಲಿತಾರು. ಫಂಕ್ಷನ್‌ಗಳ ವಿವರಕ್ಕೆ ಕೋಡ್ ಇದೆ. ‘ನವೀಕರಿಸುತ್ತದೆ’ ಎಂದರೆ ಏನು ಎಂಬುದು ಮಾತ್ರ ಸದ್ಯಕ್ಕೆ ನಿಮ್ಮೊಬ್ಬರಿಗೇ ಗೊತ್ತು.

ಆ ಪದವನ್ನು ಬಿಡಿಸಿ ನೋಡಿ. ಹೊಸ ಕಾಮೆಂಟ್ ಬರೆಯುವುದೂ ನವೀಕರಣ, ಹಳೆಯ ಕಾಮೆಂಟನ್ನು ತಿದ್ದುವುದೂ ನವೀಕರಣ. ವಿವರಣೆಯ ಕೊನೆಗೆ ಒಂದು ಸಾಲು ಸೇರಿಸುವುದೂ, ಇಡೀ ವಿವರಣೆಯನ್ನು ಅಳಿಸಿ ಬೇರೆ ಬರೆಯುವುದೂ ಅದೇ ಹೆಸರಿನಲ್ಲಿ ನಡೆಯುತ್ತವೆ. ಟಿಕ್ ಹಾಕುವುದು, ಗಡುವು ಬದಲಿಸುವುದು, ಕಾರ್ಡನ್ನು ‘ಮುಗಿದಿದೆ’ ಪಟ್ಟಿಗೆ ಸರಿಸುವುದು ಕೂಡ ನವೀಕರಣವೇ. ಇವುಗಳಲ್ಲಿ ಕೆಲವು ಯಾರ ಬರಹಕ್ಕೂ ತೊಂದರೆ ಮಾಡುವುದಿಲ್ಲ, ಕೆಲವು ಇನ್ನೊಬ್ಬರ ಬರಹವನ್ನು ಅಳಿಸಿಬಿಡುತ್ತವೆ.

ಈ ಮಾತನ್ನು ಅನುಭವದಿಂದ ಹೇಳುತ್ತಿದ್ದೇನೆ. ಹಿಂದೆ ಒಂದು ಕಚೇರಿಯಲ್ಲಿ ನಿಮ್ಮದರಂಥದ್ದೇ ತಂತ್ರಾಂಶವೊಂದನ್ನು ನಾನು ಬರೆದಿದ್ದೆ. ‘ದಿನವೂ ಕಾರ್ಡಿನ ವಿವರಣೆಯನ್ನು ಪ್ರಗತಿಯೊಂದಿಗೆ ನವೀಕರಿಸುತ್ತದೆ’ ಎಂದು ಕೈಪಿಡಿಯಲ್ಲಿ ಹಾಕಿದ್ದೆ. ಪರೀಕ್ಷಾ ವಿಭಾಗದ ಸಹೋದ್ಯೋಗಿಯೊಬ್ಬರು ಅದನ್ನು ಓದಿ, ಇರುವುದರ ಕೆಳಗೆ ಒಂದು ಸಾಲು ಸೇರುತ್ತದೆ ಎಂದು ಅರ್ಥ ಮಾಡಿಕೊಂಡರು. ಹಾಗೆ ಅರ್ಥ ಮಾಡಿಕೊಳ್ಳುವುದು ಸಹಜವೇ. ಒಂದು ಹಟಮಾರಿ ದೋಷ ಯಾವ ಕ್ರಮದಲ್ಲಿ ಮರುಕಳಿಸುತ್ತದೆ ಎಂದು ಮೂರು ದಿನ ಹುಡುಕಿ, ಹಂತ ಹಂತವಾಗಿ ಕಾರ್ಡಿನ ವಿವರಣೆಯಲ್ಲಿ ಬರೆದಿಟ್ಟರು. ಸಂಜೆ ನನ್ನ ತಂತ್ರಾಂಶ ಅದನ್ನೆಲ್ಲ ಅಳಿಸಿ ‘5ರಲ್ಲಿ 2 ಮುಗಿದಿದೆ’ ಎಂದು ಬರೆಯಿತು. ಕಾರ್ಡಿನ ಕ್ರಿಯಾದಾಖಲೆಯಲ್ಲಿ ಹಳೆಯ ಪಠ್ಯ ಉಳಿದಿತ್ತು, ತಂತ್ರಾಂಶಗಳು ಪರಸ್ಪರ ಮಾತಾಡುವ ದಾರಿಯಾದ ಎಪಿಐ ಮೂಲಕ ಅದನ್ನು ಹುಡುಕಿ ತೆಗೆಯಲು ಅರ್ಧ ದಿನ ಹಿಡಿಯಿತು. ಪಠ್ಯವೇನೋ ಸಿಕ್ಕಿತು, ಆದರೆ ಅವರು ಕಾರ್ಡಿನಲ್ಲಿ ಬರೆಯುವುದನ್ನೇ ಬಿಟ್ಟು ತಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳತೊಡಗಿದರು. ಆ ವರ್ಷ ಪೂರ್ತಿ ನಮ್ಮ ಬೋರ್ಡಿನಲ್ಲಿ ಅರ್ಧ ಸತ್ಯವಷ್ಟೇ ಇತ್ತು.

ಕಾರ್ಡಿನ ಮೂಲ ಉದ್ದೇಶವೇ ಇಲ್ಲಿ ಕೆಟ್ಟಿತು. ಕೆಲಸಕ್ಕೊಂದು ಕಾರ್ಡ್ ಎಂಬ ಪದ್ಧತಿ ನಮಗೆ ಬಂದದ್ದು ಜಪಾನಿನ ಟೊಯೋಟಾ ಕಾರ್ಖಾನೆಗಳಿಂದ. ಅಲ್ಲಿನ ಎಂಜಿನಿಯರ್ ತೈಚಿ ಓನೊ ರೂಢಿಗೆ ತಂದ ಕಾನ್‌ಬಾನ್ ವ್ಯವಸ್ಥೆಯಲ್ಲಿ ಚೀಟಿಯಿಲ್ಲದೆ ಯಾವ ಬಿಡಿಭಾಗವೂ ಕದಲುವಂತಿಲ್ಲ. ಚೀಟಿ ಸರಕಿನ ಜೊತೆಗೇ ಇರಬೇಕು, ಚೀಟಿ ಹೇಳುವುದೂ ಪೆಟ್ಟಿಗೆಯಲ್ಲಿರುವುದೂ ಒಂದೇ ಆಗಿರಬೇಕು. ಚೀಟಿಯ ಮೇಲಿನ ನಂಬಿಕೆ ಹೋದರೆ ಜನ ಪೆಟ್ಟಿಗೆ ತೆರೆದು ಎಣಿಸಲು ಶುರು ಮಾಡುತ್ತಾರೆ. ಟ್ರೆಲ್ಲೊ ಕಾರ್ಡಿನ ವಿಷಯದಲ್ಲೂ ಇದೇ ಆಗುತ್ತದೆ: ನಂಬಿಕೆ ಹೋದ ದಿನ ‘ಕೆಲಸ ಎಲ್ಲಿಗೆ ಬಂತು?’ ಎಂಬ ಫೋನ್ ಕರೆಗಳು ಮತ್ತೆ ಶುರುವಾಗುತ್ತವೆ.

ಹಾಗಾಗಿ ನಿಮ್ಮ ಕೈಪಿಡಿಗೆ ಇಬ್ಬರು ಓದುಗರಿದ್ದಾರೆ ಎಂದು ಮೊದಲು ಒಪ್ಪಿಕೊಳ್ಳಿ. ಒಬ್ಬರು ತಂತ್ರಾಂಶವನ್ನು ಚಲಾಯಿಸುವವರು, ಅಂದರೆ ನಿಮ್ಮ ಸಹೋದ್ಯೋಗಿ. ಇನ್ನೊಬ್ಬರು ಅದನ್ನು ಎಂದೂ ಚಲಾಯಿಸದವರು: ಕಾರ್ಡ್ ತೆರೆದು ವರದಿ ಓದುವ ವ್ಯವಸ್ಥಾಪಕರು, ಪರೀಕ್ಷಕರು, ವಿನ್ಯಾಸಕರು. ನಿಮ್ಮ ನಾಲ್ಕು ಪುಟಗಳಲ್ಲಿ ಈ ಎರಡನೆಯವರಿಗೆ ಒಂದು ವಾಕ್ಯವೂ ಇಲ್ಲ. ಹನ್ನೊಂದು ಜನರಲ್ಲಿ ಹತ್ತು ಮಂದಿ ಅವರೇ. ಅವರಿಗಾಗಿ ಅರ್ಧ ಪುಟ ಮೊದಲು ಬರೆಯಿರಿ. ನಿಮ್ಮ ಕೋಡ್ ನೋಡದೆ ಊಹಿಸಿ ಒಂದು ಮಾದರಿ ಕೊಡುತ್ತೇನೆ, ತಪ್ಪಿದ್ದಲ್ಲಿ ತಿದ್ದಿಕೊಳ್ಳಿ:

‘ಈ ತಂತ್ರಾಂಶ ಪ್ರತಿದಿನ ಸಂಜೆ 6ಕ್ಕೆ, “ನಡೆಯುತ್ತಿರುವ ಕೆಲಸ” ಪಟ್ಟಿಯಲ್ಲಿರುವ ಕಾರ್ಡ್‌ಗಳನ್ನು ಮಾತ್ರ ನೋಡುತ್ತದೆ. ಕಮಿಟ್ ಸಂದೇಶದಲ್ಲಿ ಹೆಸರಿಸಿದ ಚೆಕ್‌ಲಿಸ್ಟ್ ಅಂಶಗಳಿಗೆ ಟಿಕ್ ಹಾಕುತ್ತದೆ. ಪ್ರತಿ ಕಾರ್ಡಿನಲ್ಲೂ ಅದರದ್ದೇ ಆದ ಒಂದು ಕಾಮೆಂಟ್ ಇರುತ್ತದೆ, ಅದನ್ನೇ ದಿನವೂ ತಿದ್ದುತ್ತದೆ. ಕಾರ್ಡಿನ ವಿವರಣೆ, ಗಡುವು, ಸದಸ್ಯರ ಹೆಸರು ಮತ್ತು ನೀವು ಬರೆದ ಕಾಮೆಂಟ್‌ಗಳನ್ನು ಎಂದಿಗೂ ಮುಟ್ಟುವುದಿಲ್ಲ. ಕಾರ್ಡನ್ನು ಬೇರೆ ಪಟ್ಟಿಗೆ ಸರಿಸುವುದಿಲ್ಲ. ತಪ್ಪಾಗಿ ಬಿದ್ದ ಟಿಕ್ ಅನ್ನು ನೀವು ಕೈಯಿಂದ ತೆಗೆದರೆ, ಅದೇ ಕಮಿಟ್ ನೋಡಿ ಮತ್ತೆ ಹಾಕುವುದಿಲ್ಲ.’

ಇದರಲ್ಲಿ ‘ಎಂದಿಗೂ ಮುಟ್ಟುವುದಿಲ್ಲ’ ಎಂಬ ವಾಕ್ಯ ನನಗೆ ಉಳಿದೆಲ್ಲಕ್ಕಿಂತ ಮುಖ್ಯ. ತಂತ್ರಾಂಶ ಏನು ಮಾಡುತ್ತದೆ ಎಂದು ಎಲ್ಲರೂ ಬರೆಯುತ್ತಾರೆ. ಯಾವುದಕ್ಕೆ ಕೈ ಹಾಕುವುದಿಲ್ಲ ಎಂದು ಬರೆಯುವವರು ಕಡಿಮೆ. ಪರೀಕ್ಷಕರು ನಿಶ್ಚಿಂತೆಯಿಂದ ಕಾರ್ಡಿನಲ್ಲಿ ಬರೆಯಬೇಕಾದರೆ ಅವರಿಗೆ ಬೇಕಾದದ್ದು ಈ ಮಾತು.

ಹೀಗೆ ಬರೆಯಲು ಕುಳಿತಾಗ ನಿಮ್ಮ ತಂತ್ರಾಂಶದ ದೋಷಗಳು ಒಂದೊಂದಾಗಿ ಕಣ್ಣಿಗೆ ಬೀಳುತ್ತವೆ. ಒಂದು ದೋಷ ನನಗೆ ನಿಮ್ಮ ಪ್ರಶ್ನೆಯಲ್ಲೇ ಕಂಡಿತು. ‘ಸಂಜೆ 6ಕ್ಕೆ ಆ ದಿನದ ಕಮಿಟ್‌ಗಳನ್ನು ಓದುತ್ತದೆ’ ಎಂದಿದ್ದೀರಿ. ಹಾಗಾದರೆ ಯಾರಾದರೂ 7 ಗಂಟೆಗೆ ಮಾಡಿದ ಕಮಿಟ್ ಗತಿ ಏನು? ಇಂದು 6ಕ್ಕೆ ಅದು ಇರಲಿಲ್ಲ. ನಾಳೆ 6ಕ್ಕೆ ತಂತ್ರಾಂಶ ನಾಳೆಯ ಕಮಿಟ್‌ಗಳನ್ನು ಓದುತ್ತದೆ. ನಡುವಿನ ಆರು ಗಂಟೆಗಳ ಕೆಲಸ ಯಾವ ಕಾರ್ಡಿಗೂ ಸೇರದೆ ಹೋಗುತ್ತದೆ. ಕೋಡ್‌ನಲ್ಲಿ ನಿಜಕ್ಕೂ ಹಾಗೇ ಇದ್ದರೆ, ‘ಹಿಂದಿನ ಸಲ ಓದಿದಲ್ಲಿಂದ ಮುಂದಕ್ಕೆ’ ಎಂದು ಮೊದಲು ಕೋಡ್ ತಿದ್ದಿ, ಆಮೇಲೆ ಕೈಪಿಡಿ ಬರೆಯಿರಿ. ಜೊತೆಗೆ ಸರ್ವರಿನ ಗಡಿಯಾರವನ್ನೂ ನೋಡಿ. ಅದು ಯುಟಿಸಿ ಸಮಯದಲ್ಲಿದ್ದು (ಭಾರತಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಕಾಲಮಾನ), ನಿಗದಿತ ಹೊತ್ತಿಗೆ ತಂತ್ರಾಂಶ ಓಡಿಸುವ ಕ್ರಾನ್‌ನಲ್ಲಿ ನೀವು 18 ಎಂದು ಹಾಕಿದ್ದರೆ ಹುಬ್ಬಳ್ಳಿಯಲ್ಲಿ ಆಗ ರಾತ್ರಿ 11:30. ಕೈಪಿಡಿಯಲ್ಲಿ ‘ಸಂಜೆ 6’ ಎಂದಷ್ಟೇ ಬರೆಯದೆ ‘ಭಾರತೀಯ ಕಾಲಮಾನ ಸಂಜೆ 6, ಸರ್ವರಿನಲ್ಲಿ 12:30’ ಎಂದು ಎರಡನ್ನೂ ಬರೆಯಿರಿ.

ಇನ್ನೊಂದು ಪ್ರಶ್ನೆ: ಅದನ್ನು ಒಂದೇ ಸಂಜೆ ಎರಡು ಸಲ ಚಲಾಯಿಸಿದರೆ ಏನಾಗುತ್ತದೆ? ಮೊದಲ ಸಲ ನೆಟ್‌ವರ್ಕ್ ನಡುವೆ ಕೈಕೊಟ್ಟರೆ ನಿಮ್ಮ ಸಹೋದ್ಯೋಗಿ ಖಂಡಿತ ಮತ್ತೊಮ್ಮೆ ಚಲಾಯಿಸುತ್ತಾರೆ. ಆಗ ಪ್ರತಿ ಕಾರ್ಡಿಗೂ ಎರಡೆರಡು ಕಾಮೆಂಟ್ ಬಿದ್ದರೆ, ಕಾರ್ಡನ್ನು ಗಮನಿಸುತ್ತಿರುವವರ ಮೊಬೈಲ್‌ಗಳೆಲ್ಲ ಎರಡೆರಡು ಸಲ ಸದ್ದು ಮಾಡುತ್ತವೆ. ‘ಎಷ್ಟು ಸಲ ಚಲಾಯಿಸಿದರೂ ಫಲ ಒಂದೇ’ ಎಂದು ಬರೆಯುವ ಸ್ಥಿತಿಗೆ ತಂತ್ರಾಂಶವನ್ನು ತನ್ನಿ. ಆ ಒಂದು ವಾಕ್ಯ ನಿಮ್ಮ ಸಹೋದ್ಯೋಗಿಗೆ ಹತ್ತು ಪುಟಗಳಷ್ಟು ಧೈರ್ಯ ಕೊಡುತ್ತದೆ.

ಈಗ ‘ಶೇ 60’ರ ಮಾತು. ಕೈಪಿಡಿಯಲ್ಲಿ ಈ ಅಂಕಿ ಎಲ್ಲಿಂದ ಬರುತ್ತದೆ ಎಂದು ನೀವು ಬರೆದಿಲ್ಲ. ಐದು ಅಂಶಗಳಲ್ಲಿ ಮೂರಕ್ಕೆ ಟಿಕ್ ಬಿದ್ದರೆ 60. ಸರಿ. ಆದರೆ ಆ ಐದರಲ್ಲಿ ಒಂದು ‘ಲಾಗಿನ್ ಪುಟದ ಬಣ್ಣ ಬದಲಿಸುವುದು’ ಆಗಿದ್ದು ಇನ್ನೊಂದು ‘ಹಣ ಪಾವತಿ ಜೋಡಿಸುವುದು’ ಆಗಿದ್ದರೆ ಎರಡಕ್ಕೂ ನಿಮ್ಮ ಲೆಕ್ಕದಲ್ಲಿ ಒಂದೇ ತೂಕ. ಇನ್ನು ಪ್ರಾಮಾಣಿಕ ಸಹೋದ್ಯೋಗಿಯೊಬ್ಬರು ಕೆಲಸದ ನಡುವೆ ಮರೆತಿದ್ದ ಎರಡು ಅಂಶ ಸೇರಿಸಿದರೆ, ನಿನ್ನೆ 60 ಇದ್ದದ್ದು ಇಂದು 43ಕ್ಕೆ ಇಳಿಯುತ್ತದೆ. ವ್ಯವಸ್ಥಾಪಕರು ಅದನ್ನು ನೋಡಿ ‘ಕೆಲಸ ಹಿಂದಕ್ಕೆ ಹೇಗೆ ಹೋಯಿತು?’ ಎಂದು ಅವರನ್ನೇ ಕೇಳುತ್ತಾರೆ. ಮುಂದಿನ ಸಲ ಅವರು ಅಂಶ ಸೇರಿಸುವುದಿಲ್ಲ. ಲೆಕ್ಕದ ವಿಧಾನವನ್ನು ವಿವರಿಸದ ಕೈಪಿಡಿ ಹೀಗೆ ಪ್ರಾಮಾಣಿಕರಿಗೆ ಶಿಕ್ಷೆ ಕೊಡಿಸುತ್ತದೆ.

ಅಮೆರಿಕದ ಬೆಲ್ ಲ್ಯಾಬ್ಸ್ ಸಂಶೋಧನಾಲಯದ ಟಾಮ್ ಕಾರ್ಗಿಲ್ ಹೇಳಿದ ಮಾತೊಂದನ್ನು ಜಾನ್ ಬೆಂಟ್ಲಿ 1985ರಲ್ಲಿ ತಮ್ಮ ಅಂಕಣದಲ್ಲಿ ದಾಖಲಿಸಿದರು: ಕೋಡ್‌ನ ಮೊದಲ ಶೇ 90 ಭಾಗ ಮೊದಲ ಶೇ 90 ಸಮಯವನ್ನು ತಿನ್ನುತ್ತದೆ, ಉಳಿದ ಶೇ 10 ಭಾಗ ಇನ್ನೊಂದು ಶೇ 90 ಸಮಯವನ್ನು ತಿನ್ನುತ್ತದೆ. ಈ ಕೆಲಸದಲ್ಲಿರುವ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಿಮ್ಮ ಶೇಕಡಾ ಲೆಕ್ಕಕ್ಕೆ ಇದು ಗೊತ್ತಿಲ್ಲ. ನನ್ನ ಸಲಹೆ: ಶೇಕಡಾ ಬಿಟ್ಟು ‘5ರಲ್ಲಿ 3 ಅಂಶ ಮುಗಿದಿದೆ, ಇಂದು ಮುಗಿದದ್ದು ಇದು, ಉಳಿದಿರುವುದು ಇವು’ ಎಂದು ಬರೆಯುವಂತೆ ಮಾಡಿ. ಟ್ರೆಲ್ಲೊ ಕೂಡ ಕಾರ್ಡಿನ ಮುಖದ ಮೇಲೆ 3/5 ಎಂದೇ ತೋರಿಸುತ್ತದೆ. ಶೇಕಡಾ ಬೇಕೇ ಬೇಕು ಎಂದು ಮೇಲಿನವರು ಪಟ್ಟು ಹಿಡಿದರೆ, ‘ಇದು ಅಂಶಗಳ ಎಣಿಕೆ ಮಾತ್ರ, ಉಳಿದಿರುವ ಸಮಯದ ಅಂದಾಜಲ್ಲ’ ಎಂಬ ಸಾಲು ಕಾಮೆಂಟಿನಲ್ಲೇ ಇರಲಿ. ಕೈಪಿಡಿಯನ್ನು ಅವರು ಓದದಿರಬಹುದು, ಕಾಮೆಂಟನ್ನು ಓದುತ್ತಾರೆ.

ತಂತ್ರಾಂಶ ಮೌನವಾಗುವ ದಿನದ ಬಗ್ಗೆ ಇನ್ನೂ ಹೆಚ್ಚು ಯೋಚಿಸಿ. ಮಂಗಳವಾರ ಸಂಜೆ ಸರ್ವರ್ ನಿಂತಿತು ಎಂದುಕೊಳ್ಳಿ. ಬುಧವಾರ ಬೆಳಿಗ್ಗೆ ಕಾರ್ಡಿನಲ್ಲಿ ಸೋಮವಾರದ ವರದಿ ಇರುತ್ತದೆ. ನೋಡಿದವರಿಗೆ ಅದು ‘ಮಂಗಳವಾರ ಕೆಲಸವೇ ಆಗಿಲ್ಲ’ ಎಂದು ಕಾಣುತ್ತದೆ. ಹಳಸಿದ ವರದಿಗೂ ಕೆಲಸ ನಡೆಯದ ದಿನದ ವರದಿಗೂ ನೋಟಕ್ಕೆ ವ್ಯತ್ಯಾಸವಿಲ್ಲ ಎಂಬುದೇ ಇಂಥ ತಂತ್ರಾಂಶಗಳ ದೊಡ್ಡ ಅಪಾಯ. ಆದ್ದರಿಂದ ಪ್ರಗತಿ ಇರಲಿ, ಇಲ್ಲದಿರಲಿ, ಕಾಮೆಂಟಿನ ಕೊನೆಯಲ್ಲಿ ‘ಕೊನೆಯ ಪರಿಶೀಲನೆ’ ಎಂದು ದಿನಾಂಕ ಮತ್ತು ಸಮಯ ದಿನವೂ ಬದಲಾಗಬೇಕು. ಕೈಪಿಡಿಯ ಅರ್ಧ ಪುಟದಲ್ಲಿ ಹೀಗೆ ಬರೆಯಿರಿ: ‘ಕೊನೆಯ ಪರಿಶೀಲನೆಯ ದಿನಾಂಕ ನಿನ್ನೆಯದೋ ಇಂದಿನದೋ ಆಗಿರದಿದ್ದರೆ ವರದಿಯನ್ನು ನಂಬಬೇಡಿ, ತಂತ್ರಾಂಶ ನೋಡಿಕೊಳ್ಳುವವರಿಗೆ ತಿಳಿಸಿ.’ ರಜಾದಿನಗಳಲ್ಲೂ ಅದು ಓಡುತ್ತದೆಯೇ ಎಂಬುದನ್ನೂ ಸೇರಿಸಿ.

ಇಲ್ಲಿಗೆ ಎರಡನೆಯ ಓದುಗರ ಭಾಗ ಮುಗಿಯಿತು. ಚಲಾಯಿಸುವವರ ಭಾಗದಲ್ಲಿ ಅನುಸ್ಥಾಪನೆಗೆ ಹತ್ತು ಸಾಲು ಸಾಕು. ಟೋಕನ್ ಬಗ್ಗೆ ಮಾತ್ರ ನಿಧಾನವಾಗಿ ಬರೆಯಿರಿ. ಟ್ರೆಲ್ಲೊ ಎಪಿಐ ಬಳಸಲು ಒಂದು ಕೀ (ತಂತ್ರಾಂಶದ ಗುರುತು), ಒಂದು ಟೋಕನ್ (ಬಳಕೆದಾರರೊಬ್ಬರು ಕೊಡುವ ಅನುಮತಿಯ ಗುಪ್ತ ಸಂಕೇತ) ಬೇಕು. ಟೋಕನ್ ಕೊಟ್ಟವರು ಯಾರೋ ಅವರ ಹೆಸರಿನಲ್ಲೇ ಕಾಮೆಂಟ್ ಬೀಳುತ್ತದೆ. ಅಂದರೆ ಇಂದು ನಿಮ್ಮ ಬೋರ್ಡಿನ ವರದಿಗಳೆಲ್ಲ ನಿಮ್ಮ ಹೆಸರಿನಲ್ಲಿವೆ. ನೀವು ಬೇರೆ ತಂಡಕ್ಕೆ ಹೋದ ಮೇಲೂ ಸಂಜೆ 6ಕ್ಕೆ ನೀವೇ ಬರೆಯುತ್ತಿದ್ದೀರಿ ಎಂದು ಜನ ತಿಳಿಯುತ್ತಾರೆ. ನಿಮ್ಮನ್ನು ಬೋರ್ಡಿನಿಂದ ತೆಗೆದ ದಿನ 401 (ಅನುಮತಿಯಿಲ್ಲ) ಎಂಬ ದೋಷ ಬಂದು ತಂತ್ರಾಂಶ ನಿಲ್ಲುತ್ತದೆ. ಇನ್ನೊಂದು ಸೂಕ್ಷ್ಮ: ಟ್ರೆಲ್ಲೊದಲ್ಲಿ ಕಾಮೆಂಟನ್ನು ತಿದ್ದಬಲ್ಲವರು ಅದನ್ನು ಬರೆದವರು ಮಾತ್ರ. ಹೊಸಬರ ಟೋಕನ್ ಹಾಕಿದ ಮೊದಲ ಸಂಜೆ ನಿಮ್ಮ ಹಳೆಯ ಕಾಮೆಂಟ್‌ಗಳನ್ನು ತಂತ್ರಾಂಶ ತಿದ್ದಲಾರದು, ಪ್ರತಿ ಕಾರ್ಡಿಗೂ ಹೊಸದೊಂದನ್ನು ಬರೆಯಬೇಕಾಗುತ್ತದೆ. ಇದಕ್ಕೆ ಕೋಡ್ ಸಿದ್ಧವಿದೆಯೇ ಎಂದು ನೋಡಿ. ಎಲ್ಲಕ್ಕಿಂತ ಒಳ್ಳೆಯದು, ತಂತ್ರಾಂಶಕ್ಕೇ ಪ್ರತ್ಯೇಕ ಸದಸ್ಯ ಖಾತೆ ಮಾಡಿ, ಆ ಖಾತೆಯ ಟೋಕನ್ ಬಳಸುವುದು. ಟೋಕನ್‌ಗೆ ಒಂದು ಗಂಟೆ, ಒಂದು ದಿನ, 30 ದಿನ ಅಥವಾ ಎಂದೂ ಮುಗಿಯದ ಅವಧಿ ಕೊಡಬಹುದು. ನಿಮ್ಮದು ಯಾವುದು, ಯಾವಾಗ ಮುಗಿಯುತ್ತದೆ, ಎಲ್ಲಿ ಇಟ್ಟಿದ್ದೀರಿ, ರದ್ದು ಮಾಡುವುದು ಹೇಗೆ ಎಂದು ಬರೆಯಿರಿ. ಟೋಕನ್ನನ್ನೇ ಬರೆಯಬೇಡಿ. ನೀವು ಕಳಿಸಿದ ನಾಲ್ಕನೆಯ ಪುಟದ ಚಿತ್ರದಲ್ಲಿ ಅದು ಪೂರ್ತಿ ಕಾಣುತ್ತಿದೆ. ದಯವಿಟ್ಟು ಇಂದೇ ಅದನ್ನು ರದ್ದು ಮಾಡಿ ಬೇರೆ ಮಾಡಿಕೊಳ್ಳಿ.

ದೋಷಸಂದೇಶಗಳಿಗೆ ‘ಕಂಡದ್ದು, ಅದರ ಅರ್ಥ, ಮಾಡಬೇಕಾದದ್ದು’ ಎಂಬ ಮೂರು ಅಂಕಣಗಳ ಕೋಷ್ಟಕ ಮಾಡಿ. 401 ಆಗಲೇ ಹೇಳಿದೆ. 429 ಬಂದರೆ ವಿನಂತಿಗಳು ಮಿತಿ ಮೀರಿವೆ ಎಂದರ್ಥ: ಟ್ರೆಲ್ಲೊ ಹತ್ತು ಸೆಕೆಂಡಿಗೆ ಒಂದು ಕೀಗೆ 300, ಒಂದು ಟೋಕನ್‌ಗೆ 100 ವಿನಂತಿಗಳನ್ನಷ್ಟೇ ಒಪ್ಪುತ್ತದೆ. ಹನ್ನೊಂದು ಜನರ ಬೋರ್ಡಿಗೆ ಈ ಮಿತಿ ಸಾಮಾನ್ಯವಾಗಿ ತಾಗುವುದಿಲ್ಲ, ಆದರೂ ಕಾರ್ಡಿಗೆ ಐದಾರು ವಿನಂತಿ ಕಳಿಸುತ್ತಿದ್ದರೆ ಇಪ್ಪತ್ತು ಕಾರ್ಡುಗಳಿಗೇ ನೂರು ಮುಟ್ಟುತ್ತದೆ.

ಭಾಷೆಯ ಪ್ರಶ್ನೆಗೆ ಬರುತ್ತೇನೆ. ನಿಮ್ಮ ತಂಡ ಕೆಲಸದ ಬಗ್ಗೆ ಯಾವ ಭಾಷೆಯಲ್ಲಿ ಮಾತಾಡುತ್ತದೆಯೋ ಅದರಲ್ಲೇ ಬರೆಯಿರಿ. ಹುಬ್ಬಳ್ಳಿಯ ಹನ್ನೊಂದು ಜನ ಕನ್ನಡದಲ್ಲಿ ಚರ್ಚಿಸಿ, ಕನ್ನಡದಲ್ಲೇ ವಾದ ಮಾಡಿ, ಕೈಪಿಡಿಯನ್ನು ಮಾತ್ರ ತಡವರಿಸುವ ಇಂಗ್ಲಿಷಿನಲ್ಲಿ ಬರೆಯುವುದನ್ನು ನೋಡಿದಾಗ ನನಗೆ ನೋವಾಗುತ್ತದೆ. ಕಮಾಂಡ್‌ಗಳು, ಫೈಲ್ ಹೆಸರುಗಳು, ದೋಷಸಂದೇಶಗಳು ತೆರೆಯ ಮೇಲೆ ಹೇಗೆ ಕಾಣುತ್ತವೆಯೋ ಹಾಗೇ ಇರಲಿ, ಹುಡುಕುವವರು ಅದೇ ಅಕ್ಷರಗಳಿಂದ ಹುಡುಕುತ್ತಾರೆ. ಸುತ್ತಲಿನ ವಿವರಣೆ ಕನ್ನಡದಲ್ಲಿರಲಿ. ಹೊರ ಊರಿನ ಗ್ರಾಹಕರು ಬೋರ್ಡ್ ನೋಡುವುದಾದರೆ ಮೊದಲ ಅರ್ಧ ಪುಟದ ಇಂಗ್ಲಿಷ್ ಪ್ರತಿಯನ್ನೂ ಇಡಿ.

ವರದಿಯೂ ಕನ್ನಡದಲ್ಲಿರುವುದರಿಂದ ಎರಡು ವಿಷಯ ಕೈಪಿಡಿಯಲ್ಲಿ ಸೇರಬೇಕು. ಟ್ರೆಲ್ಲೊ ಕಾಮೆಂಟಿನ ಮಿತಿ 16,384 ಅಕ್ಷರಗಳು. ಉದ್ದವಾದ ವರದಿಯನ್ನು ನಿಮ್ಮ ಕೋಡ್ ಬೈಟ್ ಎಣಿಸಿ ಕತ್ತರಿಸುತ್ತಿದ್ದರೆ ಕನ್ನಡ ಕೆಡುತ್ತದೆ. ‘ಕ್ಷ’ ನಮಗೆ ಒಂದೇ ಅಕ್ಷರ, ಅಕ್ಷರಗಳಿಗೆ ಸಂಖ್ಯೆ ಕೊಡುವ ಯುನಿಕೋಡ್‌ಗೆ ಮೂರು ಸಂಕೇತ, ಅವನ್ನು ಕಂಪ್ಯೂಟರಿನಲ್ಲಿ ಉಳಿಸುವ ಯುಟಿಎಫ್-8 ವಿಧಾನದಲ್ಲಿ ಒಂಬತ್ತು ಬೈಟ್. ನಡುವೆ ಕತ್ತರಿ ಬಿದ್ದರೆ ‘ಪರೀಕ್ಷೆ’ಯ ಕೊನೆಯಲ್ಲಿ ಚೌಕಾಕಾರದ ಕಸ ಉಳಿಯುತ್ತದೆ. ಎರಡನೆಯದು ಅಂಕಿಗಳು. ಯಾರಾದರೂ ಕಮಿಟ್ ಸಂದೇಶದಲ್ಲಿ ‘ಅಂಶ ೩’ ಎಂದು ಕನ್ನಡ ಅಂಕಿ ಬರೆದರೆ ಪೈಥಾನ್ 3 ಅದನ್ನು ಮೂರು ಎಂದೇ ಓದುತ್ತದೆ. ಮುಂದೆ ನಿಮ್ಮ ಸಹೋದ್ಯೋಗಿ ಇದನ್ನು ಜಾವಾಸ್ಕ್ರಿಪ್ಟಿಗೆ ಬದಲಾಯಿಸಿದರೆ ಅದು ಓದುವುದಿಲ್ಲ, ಆ ಟಿಕ್ ಸದ್ದಿಲ್ಲದೆ ತಪ್ಪಿಹೋಗುತ್ತದೆ. ಇಂದು ಸರಿಯಾಗಿರುವುದಕ್ಕೂ ಕಾರಣ ಬರೆದಿಡುವುದು ಎಂದರೆ ಇದೇ.

1971ರ ನವೆಂಬರ್ 3ರ ದಿನಾಂಕ ಹೊತ್ತ ಯುನಿಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ಮೊದಲ ಕೈಪಿಡಿಯಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಕಮಾಂಡುಗಳ ಪುಟಗಳಲ್ಲಿ ‘ದೋಷಗಳು’ ಎಂಬ ಶೀರ್ಷಿಕೆ ಇಟ್ಟಿದ್ದರು. ಗೊತ್ತಿರುವ ಕೊರತೆಯನ್ನು ಬರೆದವರೇ ಅಲ್ಲಿ ಒಪ್ಪಿಕೊಳ್ಳುತ್ತಿದ್ದರು. ಅದರ ಜೊತೆಗೆ ‘ಮಾಲೀಕರು’ ಎಂಬ ಶೀರ್ಷಿಕೆಯೂ ಇತ್ತು: ಈ ಕಮಾಂಡ್ ಯಾರ ಜವಾಬ್ದಾರಿ ಎಂದು. ಎರಡನ್ನೂ ನಿಮ್ಮ ಕೈಪಿಡಿಗೆ ತೆಗೆದುಕೊಳ್ಳಿ. ಒಂದೇ ಕಮಿಟ್‌ನಲ್ಲಿ ಎರಡು ಕಾರ್ಡ್ ಹೆಸರಿಸಿದರೆ ಮೊದಲನೆಯದನ್ನು ಮಾತ್ರ ನೋಡುತ್ತದೆ ಎಂಬಂಥ ಸಂಗತಿಗಳು ‘ದೋಷಗಳು’ ಅಡಿಯಲ್ಲಿ ಇರಲಿ. ಮರೆಮಾಚಿದರೆ ನಿಮ್ಮ ಸಹೋದ್ಯೋಗಿ ಮೂರು ತಿಂಗಳ ನಂತರ ಅದನ್ನು ಒಂದು ಇಡೀ ಮಧ್ಯಾಹ್ನ ಹುಡುಕಬೇಕಾಗುತ್ತದೆ.

ಬರೆದದ್ದನ್ನು ಎಲ್ಲಿ ಇಡಬೇಕು? ಚಲಾಯಿಸುವವರ ಭಾಗ ಕೋಡ್ ಇರುವ ಗಿಟ್ ಭಂಡಾರದಲ್ಲೇ ಇರಲಿ, ಕೋಡ್ ಬದಲಾದರೆ ಅದೇ ಕಮಿಟ್‌ನಲ್ಲಿ ಕೈಪಿಡಿಯೂ ಬದಲಾಗಲಿ. ಓದುವವರ ಅರ್ಧ ಪುಟವನ್ನು ಬೋರ್ಡಿನಲ್ಲೇ ಮೊದಲ ಪಟ್ಟಿಯ ಮೊದಲ ಕಾರ್ಡಾಗಿ ಇಡಿ. ವರದಿ ಕಾಣುವ ಜಾಗದಲ್ಲೇ ಅದರ ಅರ್ಥವೂ ಇರಬೇಕು.

ನಿಮ್ಮ ಬಳಿ ಎರಡು ವಾರ ಇದೆ. ಮೊದಲ ವಾರ ಬರೆಯಿರಿ, ಕೋಡ್ ತಿದ್ದಿ. ಎರಡನೆಯ ವಾರದ ಆರಂಭದಲ್ಲಿ ಪ್ರಯೋಗಕ್ಕೆಂದೇ ಒಂದು ಖಾಲಿ ಬೋರ್ಡ್ ಮಾಡಿ, ಕೈಪಿಡಿಯನ್ನು ಸಹೋದ್ಯೋಗಿಯ ಕೈಗೆ ಕೊಟ್ಟು ಪಕ್ಕದಲ್ಲಿ ಕುಳಿತುಕೊಳ್ಳಿ. ಅವರು ಮೊದಲಿನಿಂದ ಕೊನೆಯವರೆಗೆ ಮಾಡಲಿ, ನೀವು ಬಾಯಿ ತೆರೆಯಬೇಡಿ. ಇದು ಕಷ್ಟ, ಕೈ ಕೀಬೋರ್ಡಿನ ಕಡೆಗೆ ತಾನಾಗಿ ಹೋಗುತ್ತದೆ. ಅವರು ನಿಮ್ಮ ಮುಖ ನೋಡಿದ ಪ್ರತಿ ಜಾಗವನ್ನೂ ಗುರುತು ಮಾಡಿಕೊಳ್ಳಿ: ಕೈಪಿಡಿಯಲ್ಲಿ ಅಲ್ಲೊಂದು ಸಾಲು ಬಿಟ್ಟುಹೋಗಿದೆ. ಬೇಕೆಂದೇ ತಪ್ಪು ಟೋಕನ್ ಹಾಕಿ 401 ಬರಿಸಿ, ಕೋಷ್ಟಕ ನೋಡಿ ಅವರೇ ಸರಿ ಮಾಡಬಲ್ಲರೇ ಎಂದು ನೋಡಿ. ಆಮೇಲೆ ತಂತ್ರಾಂಶದ ಹೊಸ ಖಾತೆಯ ಟೋಕನ್‌ನೊಂದಿಗೆ ನಿಜವಾದ ಬೋರ್ಡಿನಲ್ಲಿ ಮೂರು ಸಂಜೆ ಓಡಿಸಿ. ನಾಲ್ಕನೆಯ ದಿನ ನಿಮ್ಮ ಹೆಸರಿನಲ್ಲಿ ಉಳಿದಿರುವ ಟೋಕನ್‌ಗಳನ್ನೆಲ್ಲ ರದ್ದು ಮಾಡಿ, 6 ಗಂಟೆಗೆ ಮೊದಲೇ ಮನೆಗೆ ಹೋಗಿ.